ಅತ್ತೆಗೆ ಹೇಳಿದ ಸಿನಿಮಾಗಳು

ಆ ಹೀರೋನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹೆಸರು ಹೇಳುವುದಿಲ್ಲ. ಅವನ ಅಭಿಮಾನಿಗಳು ನಮ್ಮ ಕಡೆ ಇನ್ನೂ ಇದ್ದಾರೆ, ನಮ್ಮ ನೆಂಟರಲ್ಲೇ ಇದ್ದಾರೆ, ನಾಳೆ ಮದುವೆ ಮನೆಯಲ್ಲಿ ಅವರ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕೂರಬೇಕಾದವಳು ನಾನು. ತೆಲುಗು ಸಿನಿಮಾದವನು ಅಂದರೆ ಸಾಕು. ಸೊಂಟ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಹೇಳಲಾಗದ ಮೈ. ಎಂಥ ಬಿರುಗಾಳಿಗೂ ಅಲ್ಲಾಡದ ವಿಗ್ಗು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಎರಡು ಪುಸ್ತಕ ಎದೆಗವಚಿಕೊಂಡು ಕಾಲೇಜಿಗೆ ಹೋಗುತ್ತಿದ್ದ, ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಓಡಿ ಬಂದು “ಅಮ್ಮಾ” ಅಂತ ಕೂಗುತ್ತಿದ್ದ. ಆ ಅಮ್ಮನ ಪಾತ್ರ ಮಾಡಿದವಳು ಅವನಿಗಿಂತ ಚಿಕ್ಕವಳೆಂದು ಕೂದಲಿಗೆ ಬಿಳಿ ಬಳಿದರೂ ಗೊತ್ತಾಗುತ್ತಿತ್ತು.

ಇನ್ನು ಅವನ ಸಿನಿಮಾಗಳಲ್ಲಿ ಬರೀ ಹೊಡೆದಾಟ. ಸಂತೆಯಲ್ಲಿ ಹೊಡೆದಾಟ, ಗೋಡೌನಿನಲ್ಲಿ ಹೊಡೆದಾಟ, ತಂಗಿಯ ಮದುವೆ ಚಪ್ಪರದಲ್ಲೂ ಹೊಡೆದಾಟ. ನನಗೆ ಬೇಕಾಗಿದ್ದದ್ದು ಬೇರೆ ಥರದ್ದು. ಒಂದು ಮನೆ, ಮನೆಯೊಳಗೆ ನಾಲ್ಕು ಜನ, ಒಬ್ಬರಿಗೊಬ್ಬರು ಹೇಳಲಾಗದ ಸಂಕಟ, ಮಧ್ಯೆ ಎರಡು ಒಳ್ಳೆಯ ಹಾಡು. ಕೂತು ಕಣ್ಣು ತುಂಬ ಅತ್ತು, ಮುಖ ಒರೆಸಿಕೊಂಡು ಬರಬೇಕು. ಅದಪ್ಪಾ ಸಿನಿಮಾ ಅಂದರೆ.

ಆದರೂ ಮದುವೆಯಾದ ಮೇಲೆ ಆ ಪುಣ್ಯಾತ್ಮನ ಸಿನಿಮಾ ನಾನು ಬಿಟ್ಟಿದ್ದು ಕಡಿಮೆ. ಕೋಲಾರಕ್ಕೆ ಬಂದದ್ದು, ಮಾಲೂರಿಗೆ ಬಂದದ್ದು, ಮುಳಬಾಗಿಲಿಗೆ ನೆಂಟರ ಮನೆಗೆ ಹೋದಾಗ ಅಲ್ಲಿ ಓಡುತ್ತಿದ್ದದ್ದು, ಎಲ್ಲ ನೋಡಿದೆ. ಹಲ್ಲು ಕಚ್ಚಿಕೊಂಡು ನೋಡಿದೆ ಅಂದರೆ ಸುಳ್ಳಾಗುತ್ತದೆ. ಖುಷಿಪಟ್ಟು ನೋಡಿದೆ. ಇದಕ್ಕೆಲ್ಲ ಕಾರಣ ನಮ್ಮ ಅತ್ತೆ.

ನನ್ನ ತವರು ಶ್ರೀನಿವಾಸಪುರದ ಕಡೆ. ನಮ್ಮ ಮಾವಿನ ತೋಪು ದಾಟಿ ಸ್ವಲ್ಪ ದೂರ ನಡೆದರೆ ಆಂಧ್ರ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ಕನ್ನಡದಲ್ಲಿ ಒಳ್ಳೆಯ ಮಾರ್ಕು ಬರುತ್ತಿದ್ದದ್ದರಿಂದ ನನ್ನ ಕನ್ನಡ ಬಹಳ ಚೆಂದ ಅಂತ ನಾನೇ ತಿಳಿದುಕೊಂಡಿದ್ದೆ. ಎಪ್ಪತ್ತರ ದಶಕದ ನಡುವಿನಲ್ಲಿ ನನ್ನನ್ನು ವಕ್ಕಲೇರಿ ಹತ್ತಿರದ ಹಳ್ಳಿಗೆ ಕೊಟ್ಟರು. ರಾಗಿ ಹೊಲ, ಹಿಪ್ಪುನೇರಳೆ ತೋಟ, ಮನೆಯೊಳಗೇ ರೇಷ್ಮೆ ಹುಳು, ಎರಡು ಕರೆಯುವ ಹಸು. ಮನೆಯಲ್ಲಿ ಎಲ್ಲರದೂ ಕನ್ನಡವೇ, ತೆಲುಗು ಕೇಳಿದರೆ ತಿಳಿಯುತ್ತಿತ್ತು ಅಷ್ಟೇ. ಬಂದ ಹೊಸದರಲ್ಲಿ ಒಂದು ದಿನ, ಅಂಗಳದಲ್ಲಿ ಕೂತಿದ್ದ ನೆಂಟರನ್ನು ಊಟಕ್ಕೆ ಕರೆಯಲು ನನ್ನನ್ನು ಕಳಿಸಿದರು. ಹೋಗಿ ನಿಂತು, ಪುಸ್ತಕದ ಕನ್ನಡವನ್ನು ನಮ್ಮೂರಿನ ತೆಲುಗು ರಾಗದಲ್ಲಿ ಎಳೆದು, “ತಾವೆಲ್ಲರೂ ಭೋಜನಕ್ಕೆ ದಯಮಾಡಿಸಬೇಕು” ಅಂದುಬಿಟ್ಟೆ.

ಅಬ್ಬಬ್ಬಾ, ಆ ನಗು! ಊಟಕ್ಕೆ ಕೂತವರು ತುತ್ತು ಬಾಯಿಗಿಟ್ಟು ನಕ್ಕರು, ಮಜ್ಜಿಗೆ ಕುಡಿಯುತ್ತಾ ನಕ್ಕರು. ಒಬ್ಬಾಕೆ ಎದ್ದು ನಿಂತು ನನ್ನ ಹಾಗೇ ರಾಗ ಎಳೆದು ತೋರಿಸಿದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಅದು ನನಗೂ ಗೊತ್ತು. ಆದರೂ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡೆ.

ಬೀಗ ಹಾಕಿಕೊಳ್ಳಲು ಆ ಮನೆ ಅನುಕೂಲವಾಗಿಯೂ ಇತ್ತು. ಸೊಸೆಯ ಧ್ವನಿ ಮಾವನ ಕಿವಿಗೆ ಬೀಳಬಾರದು ಅನ್ನುವುದು ಅಲ್ಲಿನ ರೂಢಿ. ನಮ್ಮ ಮಾವ ಹಗಲೆಲ್ಲ ಜಗಲಿಯ ಮೇಲೆ ಕೂತಿರುತ್ತಿದ್ದರು, ಜಗಲಿಗೆ ಅಡುಗೆಮನೆಯ ಪಿಸುಮಾತೂ ಕೇಳುತ್ತಿತ್ತು. ಹಾಗಾಗಿ “ಹ್ಞೂಂ”, “ಊಹ್ಞೂಂ”, ತಲೆ ಅಲ್ಲಾಡಿಸುವುದು, ಇಷ್ಟರಲ್ಲೇ ನನ್ನ ಸಂಸಾರ ನಡೆಯುತ್ತಿತ್ತು. ನನ್ನ ಗಂಡ ಒಳ್ಳೆಯವರು, ಆದರೆ ಬೆಳಿಗ್ಗೆ ತೋಟಕ್ಕೆ ಹೋದರೆ ಕತ್ತಲಾದ ಮೇಲೇ ಮನೆ. ಬಂದು ಎರಡು ತುತ್ತು ಮುದ್ದೆ ನುಂಗುವಷ್ಟರಲ್ಲಿ ಅವರಿಗೆ ನಿದ್ದೆ. ಯಾರ ಹತ್ತಿರ ಮಾತಾಡಲಿ? ಹಸುಗಳ ಹತ್ತಿರ ತೆಲುಗಿನಲ್ಲಿ ಮಾತಾಡುತ್ತಿದ್ದೆ. ಆ ಮನೆಯಲ್ಲಿ ಒಣಗಿ ಹೋಗುತ್ತೇನೆ ಅಂತಲೇ ಅನ್ನಿಸಿಬಿಟ್ಟಿತ್ತು.

ಅತ್ತೆಗೆ ಆಗಲೇ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬೆಳಕು ಕತ್ತಲು ತಿಳಿಯುತ್ತಿತ್ತು, ಮನುಷ್ಯರು ನೆರಳಿನ ಹಾಗೆ ಕಾಣುತ್ತಿದ್ದರು, ಮುಖ ಗೊತ್ತಾಗುತ್ತಿರಲಿಲ್ಲ. ಮದುವೆಯಲ್ಲಿ ನನ್ನ ಕೆನ್ನೆ, ಮೂಗು, ಗಲ್ಲ ಸವರಿ ನೋಡಿ, “ಆಯ್ತು, ಎಲ್ಲಾ ಇರೋ ಕಡೇನೇ ಇದೆ” ಅಂದಿದ್ದರು. ಆಪರೇಷನ್ ಮಾಡಬೇಕಾದರೆ ಪೊರೆ ಹಣ್ಣಾಗಬೇಕು, ಅಲ್ಲಿಯವರೆಗೆ ಕಾಯಿರಿ ಅಂತ ಕೋಲಾರದ ಡಾಕ್ಟರು ಹೇಳಿ ಕಳಿಸಿದ್ದರಂತೆ. ಆಗೆಲ್ಲ ಹಾಗೇ ಹೇಳುತ್ತಿದ್ದರು. ಅತ್ತೆ ಅದನ್ನು ಹೇಳಿಕೊಂಡು ನಗುತ್ತಿದ್ದರು. “ಹುಳ ಹಣ್ಣಾಗೋದು ಗೊತ್ತು ಕಣೇ. ಕಣ್ಣು ಹಣ್ಣಾಗೋದು ಈಗ ಕೇಳ್ತಾ ಇದೀನಿ.”

ಹುಳ ಹಣ್ಣಾಗುವುದು ಅಂದರೆ, ಮೇಯುವಷ್ಟು ಸೊಪ್ಪು ಮೇದು, ಮೈ ಹಳದಿ ತಿರುಗಿ, ಗೂಡು ಕಟ್ಟಲು ತಯಾರಾಗುವುದು. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಬಿದಿರಿನ ದೊಡ್ಡ ಚಾಪೆ, ಅದರ ಸುರುಳಿ ಸುರುಳಿ ಪಟ್ಟಿಗಳ ನಡುವೆ ಹುಳು ಗೂಡು ಕಟ್ಟುತ್ತದೆ. ಆ ದಿನಗಳಲ್ಲಿ ಮನೆಯವರು ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಗೂಡು ಬಿಡಿಸಿ ಮಾವ ಮಾರ್ಕೆಟ್ಟಿಗೆ ಹೊರಟ ದಿನ ಮನೆಗೆ ಬಿಡುಗಡೆ. ಹುಳು ಸಾಕುವ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಇಟ್ಟರೆ ಹೆಂಗಸರಿಗೆ ಅವತ್ತು ಸಿನಿಮಾ. ಇದು ನಾನು ಬರುವ ಮೊದಲಿನಿಂದ ನಡೆದುಬಂದ ಪದ್ಧತಿ.

ನಾನು ಬಂದ ಮೇಲಿನ ಮೊದಲ ಬೆಳೆಯ ಗೂಡು ಮಾರ್ಕೆಟ್ಟಿಗೆ ಹೋದ ದಿನ ಅತ್ತೆ, “ಸೀರೆ ಉಟ್ಕೊಳ್ಳೇ, ಕೋಲಾರಕ್ಕೆ ಹೋಗ್ತೀವಿ, ಮ್ಯಾಟ್ನಿ” ಅಂದರು. ಕಣ್ಣು ಕಾಣದವರಿಗೆ ಸಿನಿಮಾ ಯಾಕಪ್ಪಾ ಅಂದುಕೊಂಡೆ. ಕೇಳಲು ಬಾಯಿ ಇರಲಿಲ್ಲವಲ್ಲ, ಸುಮ್ಮನೆ ಸೀರೆ ಉಟ್ಟೆ. ಬಸ್ಸಿನಲ್ಲಿ ಅವರ ಕೈ ಹಿಡಿದು ಕೂತೆ.

ಟಾಕೀಸಿನಲ್ಲಿ ಹೆಂಗಸರ ಕಡೆ ಬೇರೆ, ಗಂಡಸರ ಕಡೆ ಬೇರೆ, ನಡುವೆ ಎದೆಮಟ್ಟದ ಗೋಡೆ. ಬೆಂಚಿನ ಮೇಲೆ ಕೂತೆವು. ಬೋರ್ಡು ನೋಡಿದಾಗಲೇ ನನ್ನ ಮುಖ ಸಪ್ಪಗಾಗಿತ್ತು, ಅದೇ ಹೀರೋ. ಸಿನಿಮಾ ಶುರುವಾದದ್ದೇ ತಡ, ಗೋಡೆಯಾಚೆ ಶಿಳ್ಳೆಯೋ ಶಿಳ್ಳೆ.

“ಏನಾಯ್ತೇ?” ಅಂತ ಅತ್ತೆ ಮೊಣಕೈಯಿಂದ ತಿವಿದರು.

ನಾನು ಮನೆಯಲ್ಲಿ ಮಾಡುವ ಹಾಗೆ ತಲೆ ಅಲ್ಲಾಡಿಸಿದೆ.

“ನಿನ್ನೇ ಕೇಳ್ತಿರೋದು. ಯಾಕ್ ಕೂಗ್ತಾವ್ರೆ ಎಲ್ಲಾ?”

“ಬಂದ” ಅಂದೆ.

“ಯಾರ್ ಬಂದ?”

“ಹೀರೋ.”

“ಎಲ್ಲಿಂದ ಬಂದ? ನಡ್ಕೊಂಡಾ, ಗಾಡೀಲಾ?”

“ಕುದುರೆ ಮೇಲೆ.”

“ಕುದುರೆ ಯಾವ ಬಣ್ಣ?”

ಏನು ಮಾಡಲಿ? ಬಿಳಿ ಅಂದೆ. ಹೇಗೆ ಇಳಿದ ಅಂದರು. ಹಾರಿ ಇಳಿದ ಅಂದೆ. ಹಾರಿದವನು ಬಿದ್ದನೋ ನಿಂತನೋ? ನಿಂತ. ಮುಂದೆ? ಹೀಗೆ ಒಂದೊಂದೇ ಮಾತನ್ನು ಬಾವಿಯಿಂದ ಸೇದಿದ ಹಾಗೆ ನನ್ನ ಬಾಯಿಂದ ಸೇದಿದರು. ಅಷ್ಟರಲ್ಲಿ ಹೊಡೆದಾಟ ಶುರುವಾಯಿತು. ಹೊಡೆದಾಟದಲ್ಲಿ ಯಾರೂ ಮಾತಾಡುವುದಿಲ್ಲ, ಬರೀ ಡಿಶುಂ ಡಿಶುಂ. ಅತ್ತೆಗೆ ತಲೆಬುಡ ಒಂದೂ ತಿಳಿಯದು. “ಯಾರು ಯಾರ್ಗೆ ಹೊಡೆದ? ಈಗ ಬಿದ್ದವನು ಯಾರು? ಅದೇನೇ ಒಡೆದ ಶಬ್ದ, ಮಡಕೇನಾ?” ಅಂತ ಒಂದೇ ಸಮ ಕೇಳುತ್ತಿದ್ದರು. ಪ್ರಶ್ನೆಗೆ ಮುಂಚೆ ಉತ್ತರ ಕೊಡದಿದ್ದರೆ ಪಾರಾಗುವುದಿಲ್ಲ ಅಂತ ಗೊತ್ತಾಗಿ, ನಾನೇ ಹೇಳುತ್ತಾ ಹೋದೆ. ಕತ್ತಲಲ್ಲಿ ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಆ ಗದ್ದಲದಲ್ಲಿ ನನ್ನ ರಾಗವನ್ನು ಆಡಿಕೊಂಡು ನಗುವವರೂ ಇರಲಿಲ್ಲ. ಮಾವನ ಜಗಲಿ ಅಲ್ಲಿಂದ ಬಹಳ ದೂರ. ತೆಲುಗಿನ ಸಿನಿಮಾ, ಪುಸ್ತಕದ ಕನ್ನಡ, ಮಧ್ಯೆ ಅತ್ತೆಯ ಬಾಯಿಂದ ಆಗಲೇ ಕೇಳಿದ ನಾಲ್ಕು ಮಾತು, ಎಲ್ಲ ಕಲಸಿ ಹೇಳಿದೆ. ಇಂಟರ್ವೆಲ್ಲಿನ ಲೈಟು ಹತ್ತಿದಾಗ ಗಂಟಲು ಒಣಗಿತ್ತು. ಅತ್ತೆ ಒಂದು ಸೋಡಾ ಕೊಡಿಸಿದರು.

ಹೀಗೆ ಶುರುವಾಯಿತು ನಮ್ಮದು. ಪ್ರತಿ ಬೆಳೆಗೆ ಒಂದು ಸಿನಿಮಾ. “ಯಾವ್ದಿದೆ ಕೋಲಾರದಲ್ಲಿ? ಅವನದಾ? ನಡಿ ಮತ್ತೆ” ಅನ್ನುತ್ತಿದ್ದರು ಅತ್ತೆ. ಕೋಲಾರದಲ್ಲಿ ಅವನದಿಲ್ಲದಿದ್ದರೆ ಮಾಲೂರಿನಲ್ಲಿ ಇದೆಯಾ ವಿಚಾರಿಸು ಅನ್ನುವರು. ಪಾಪ, ಕಣ್ಣು ಚೆನ್ನಾಗಿದ್ದಾಗಲೇ ಅವನ ಅಭಿಮಾನಿ ಆಗಿಬಿಟ್ಟಿದ್ದಾರೆ ಅಂದುಕೊಂಡೆ. ಅಭಿಮಾನಿಯ ಮನಸ್ಸು ನೋಯಿಸಬಾರದಲ್ಲ, ಹೇಳುವಾಗ ಅವನನ್ನು ಸ್ವಲ್ಪ ರಿಪೇರಿ ಮಾಡುತ್ತಿದ್ದೆ. ಹೊಟ್ಟೆ ಕರಗಿಸಿದೆ. ತಲೆಗೆ ಸ್ವಂತ ಕೂದಲು ಕೊಟ್ಟೆ. ಏದುಸಿರು ಬಿಡುತ್ತಾ ಬೆಟ್ಟ ಹತ್ತಿದವನನ್ನು ಜಿಂಕೆ ಮರಿಯ ಹಾಗೆ ಓಡಿಸಿದೆ. ಹಿಂದಿನ ಬೆಂಚಿನಿಂದ ಯಾರೋ, “ಏನಮ್ಮಾ, ನೀನು ನೋಡ್ತಿರೋದು ಬೇರೆ ಸಿನಿಮಾನಾ?” ಅಂದಿದ್ದೂ ಉಂಟು.

ಒಂದು ಸಲ ಮಾತ್ರ ನನ್ನ ಇಷ್ಟದ ಥರದ್ದಕ್ಕೆ ಹೋದೆವು. ಕನ್ನಡದ್ದೇ, ಸಂಸಾರದ ಕಥೆ. ಅಕ್ಕ ತಂಗಿಯರ ನಡುವೆ ಒಂದು ಗುಟ್ಟು, ಕೊನೆಯವರೆಗೂ ಅಳು. ಪಾತ್ರಗಳು ತಮ್ಮ ಸಂಕಟವನ್ನು ತಾವೇ ಚೆನ್ನಾಗಿ ಹೇಳಿಕೊಳ್ಳುತ್ತಿದ್ದವು, ನಾನು ಹೇಳುವುದು ಏನೂ ಇರಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಹಾಯಾಗಿ ಅತ್ತುಕೊಂಡೆ. ಅತ್ತೆ ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ಆಚೆ ಬಂದ ಮೇಲೆ, “ಇಂಥದ್ದು ಬೇಡ ಕಣೇ. ಏನಿದೆ ಇದ್ರಲ್ಲಿ? ನಂಗೆ ಹೊಡೆದಾಟದ್ದೇ ಇರ್ಲಿ” ಅಂದರು. ರಸಿಕತೆ ಇಲ್ಲದ ಹೆಂಗಸು ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಆದರೆ ಯಾವಾಗ ಅಂತ ಗೊತ್ತಿಲ್ಲ, ನನಗೂ ಹೊಡೆದಾಟದ ರುಚಿ ಹತ್ತಿತು. ಹೇಳಬೇಕಾದರೆ ನೋಡಬೇಕು, ನೋಡಬೇಕಾದರೆ ಮೈಯೆಲ್ಲಾ ಕಣ್ಣಾಗಬೇಕು. ಮೂಲೆಯಲ್ಲಿ ಹೆದರಿ ನಿಂತ ಸೋಡಾ ಅಂಗಡಿಯವನು, ಏಟು ಬೀಳುವ ಮೊದಲೇ ಬಿದ್ದುಬಿಡುವ ರೌಡಿ, ಹೊಂಡದಿಂದ ಎದ್ದು ಬಂದರೂ ಹೀರೋಯಿನ್ನಿನ ಸೀರೆ ಒದ್ದೆಯಾಗದ್ದು, ಇವೆಲ್ಲ ನನಗೆ ಸಿಕ್ಕ ನಿಧಿ. ಕುಣಿಯಲು ಬಾರದಿದ್ದರೂ ಆ ದಪ್ಪನೆಯ ಮನುಷ್ಯ ಮೈ ಮುರಿದು ಕುಣಿಯುತ್ತಿದ್ದ. ಒಂದು ಸಿನಿಮಾದಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟುತ್ತಾನೆ, ನೀರು ಮಗುವಿನ ಕಾಲು ಮುಟ್ಟಬಾರದು ಅಂತ ತುದಿಗಾಲಲ್ಲಿ ನಡೆಯುತ್ತಾನೆ. ಅದನ್ನು ಹೇಳುತ್ತಾ ಹೇಳುತ್ತಾ ನನಗೆ ಅವನ ಮೇಲೆ ಪ್ರೀತಿಯೇ ಬಂದುಬಿಟ್ಟಿತು. ಸಿನಿಮಾ ಮುಗಿದು ಬೆಳಕಿಗೆ ಬಂದ ಮೇಲೆ ಮತ್ತೆ ಅವನನ್ನು ಕಂಡರಾಗದು. ಒಳಗೆ ಕೂತಾಗ ಮಾತ್ರ ಅವನು ನನ್ನವನು.

ಬಸ್ಸಿನಲ್ಲಿ ಬರುವಾಗ ನಮಗಿಬ್ಬರಿಗೂ ಜಗಳ. ಅವನು ತಮ್ಮನನ್ನು ಕ್ಷಮಿಸಬಾರದಿತ್ತು ಅಂತ ಅತ್ತೆ, ಕ್ಷಮಿಸದೆ ಏನು ಮಾಡಬೇಕಿತ್ತು ಅಂತ ನಾನು. ಆ ಜಗಳ ಬಸ್ಸಿಳಿದ ಮೇಲೂ ಮುಂದುವರಿದು, ಮನೆಯ ಹಿತ್ತಲಿಗೆ ಬಂತು, ಹಿತ್ತಲಿಂದ ಸೊಪ್ಪು ಹೆಚ್ಚುವ ಜಾಗಕ್ಕೆ ಬಂತು, ಅಲ್ಲಿಂದ ಅಡುಗೆಮನೆಗೂ ಬಂತು. ಒಂದು ಸಂಜೆ, ಮುಳಬಾಗಿಲಿನಲ್ಲಿ ಅತ್ತೆ ಇಲ್ಲದೆ ನೋಡಿ ಬಂದಿದ್ದ ಸಿನಿಮಾದ ಮೋಸಗಾರ ಸಾಹುಕಾರನ ಕಥೆಯನ್ನು ಅವರಿಗೆ ಅರ್ಧ ಹೇಳಿ, ಹಾಲು ಉಕ್ಕಿತೆಂದು ಎದ್ದು ಹೋದೆ. ಜಗಲಿಯಿಂದ ಮಾವನ ಕೆಮ್ಮು ಕೇಳಿಸಿತು. ಧ್ವನಿ ಜೋರಾಯಿತೇನೋ, ಇವತ್ತು ಬೈಗುಳ ಗ್ಯಾರಂಟಿ ಅಂದುಕೊಂಡೆ.

ಮಾವ ಅತ್ತೆಯನ್ನು ಕರೆದು, “ಲೇ, ಆ ಸಾಹುಕಾರ ಸಿಕ್ಕಿಬಿದ್ನಾ ಇಲ್ವಾ ಅಂತ ಕೇಳು ಅವಳ್ನ” ಅಂದರು.

ಅತ್ತೆ ಬಿದ್ದು ಬಿದ್ದು ನಕ್ಕರು. ನಾನು ಬಾಗಿಲ ಹಿಂದೆ ನಿಂತು, ಗೋಡೆಗೆ ಹೇಳುವ ಹಾಗೆ, ಉಳಿದ ಕಥೆ ಮುಗಿಸಿದೆ. ಅವತ್ತಿನಿಂದ ಸೊಸೆಯ ಧ್ವನಿ ಕೇಳಬಾರದೆಂಬ ಆ ರೂಢಿಯ ಮಾತನ್ನು ಯಾರೂ ಎತ್ತಲಿಲ್ಲ.

ಇಷ್ಟರಲ್ಲಿ ವರ್ಷಗಳು ಕಳೆದು ಎಂಬತ್ತರ ದಶಕ ಶುರುವಾಗಿತ್ತು. ನನಗೆ ಮಗಳು ಹುಟ್ಟಿ, ಅವಳೂ ನನ್ನ ತೊಡೆಯ ಮೇಲೆ ಮಲಗಿ ಹೊಡೆದಾಟದ ಸದ್ದಿನಲ್ಲೇ ನಿದ್ದೆ ಮಾಡುವುದನ್ನು ಕಲಿತಿದ್ದಳು. ಅತ್ತೆಗೆ ಈಗ ನೆರಳೂ ಕಾಣುತ್ತಿರಲಿಲ್ಲ. ಕೋಲಾರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಪೊರೆ ಹಣ್ಣಾಗಿದೆ, ಈಗಲೇ ತೆಗೆಸಿ, ತಡ ಮಾಡಿದರೆ ಒಳಗೇ ಕೆಟ್ಟು ಕಣ್ಣೇ ಹೋಗುತ್ತದೆ, ಆಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ ಅಂದರು.

ಅತ್ತೆ ಒಲ್ಲೆ ಅಂದುಬಿಟ್ಟರು.

ಮೊದಲು ಈ ಬೆಳೆ ಮುಗಿಯಲಿ ಅಂದರು. ಬೆಳೆ ಮುಗಿಯಿತು. ಹಸು ಈಯಲಿ ಅಂದರು. ಹಸು ಈದಿತು. ಆಮೇಲೆ ಚಳಿ, ಆಮೇಲೆ ಬಿಸಿಲು. ನನ್ನ ಗಂಡ ಹೇಳಿದರು, ಮಾವ ಬೈದರು. ಕತ್ತಿಗೆ ಹೆದರುತ್ತಾರೆ ಅಂತ ಎಲ್ಲರೂ ಅಂದುಕೊಂಡೆವು. ನನಗೆ ಮಾತ್ರ ಅದು ನಂಬಿಕೆಯಾಗಲಿಲ್ಲ. ಹೆರಿಗೆಯಲ್ಲಿ ಸೂಲಗಿತ್ತಿಗೂ ಕಾಯದೆ ಹೆತ್ತ ಹೆಂಗಸು, ಚೇಳು ಕಡಿದರೆ ಸುಣ್ಣ ಹಚ್ಚಿಕೊಂಡು ರಾಗಿ ಬೀಸಿದ ಹೆಂಗಸು ಆಕೆ.

ನನಗೆ ಕೋಪ ಬಂತು. ನನ್ನ ಕೋಪ ಸಣ್ಣದಲ್ಲ. ಅತ್ತೆ ಕೈಯಂದಾಜಿನಲ್ಲೇ ಸೊಪ್ಪು ಹೆಚ್ಚುತ್ತಿದ್ದಾಗ ಎದುರಿಗೆ ಹೋಗಿ ಕೂತು, “ಅತ್ತೆ, ಹಣ್ಣಾದ ಹುಳನ ಚಂದ್ರಿಕೆಗೆ ಬಿಡದೆ ತಟ್ಟೇಲೇ ಬಿಟ್ರೆ ಏನಾಗುತ್ತೆ?” ಅಂದೆ.

“ರೇಷ್ಮೆ ಎಲ್ಲಾ ಅಲ್ಲೇ ಉಗುಳಿ ಹಾಳಾಗುತ್ತೆ.”

“ಗೂಡು ಕಟ್ಟುತ್ತಾ?”

“ಎಲ್ಲಿ ಕಟ್ಟುತ್ತೆ?”

“ನಿಮ್ಮ ಕಣ್ಣೂ ಅಷ್ಟೇ.”

ಅತ್ತೆ ಕತ್ತಿ ಕೆಳಗಿಟ್ಟರು. ಆದರೂ ಸೋಲಲಿಲ್ಲ. “ಹುಳಕ್ಕೆ ರೇಷ್ಮೆ ಬೇಕು, ನಂಗೆ ಕಣ್ಣು ಯಾಕೆ? ನೀನಿದೀಯಲ್ಲ” ಅಂದರು.

“ನಾನಿಲ್ಲ” ಅಂದೆ. “ಆಪರೇಷನ್ ಮಾಡಿಸ್ಕೊಳ್ಳೋವರ್ಗೂ ಸಿನಿಮಾಲಿ ನಾನು ಒಂದ್ ಮಾತೂ ಹೇಳಲ್ಲ. ಬೇಕಿದ್ರೆ ಹೋಗಿ ಕೂತ್ಕೊಳ್ಳಿ, ನಾನೂ ಪಕ್ಕದಲ್ಲಿ ಕೂರ್ತೀನಿ.”

ಬರಿಯ ಬೆದರಿಕೆ ಅಂದುಕೊಂಡರೋ ಏನೋ, ಗೂಡು ಮಾರ್ಕೆಟ್ಟಿಗೆ ಹೋದ ದಿನ ಸೀರೆ ಉಟ್ಟು ತಯಾರಾದರು. ಕೋಲಾರಕ್ಕೆ ಹೋದೆವು. ಅವನದೇ ಸಿನಿಮಾ. ಶುರುವಿನಲ್ಲೇ ರೈಲಿನ ಮೇಲೆ ಹೊಡೆದಾಟ. ನಾನು ತುಟಿ ಬಿಗಿದು ಕೂತೆ. “ಏನಾಯ್ತೇ?” ಅಂದರು. ಮಾತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ರೈಲಾ ಅದು?” ಅಂದರು. ಮಾತಿಲ್ಲ. ಪಕ್ಕದ ಹೆಂಗಸು ಕನಿಕರಪಟ್ಟು, “ಹೊಡೀತಾವ್ನೆ ಅಜ್ಜಿ... ಇನ್ನೂ ಹೊಡೀತಾವ್ನೆ... ಈಗ್ಲೂ ಅದೇ” ಅಂದಳು. ಅತ್ತೆ ಅವಳ ಕೈ ತಟ್ಟಿ, “ಇರ್ಲಿ ಬಿಡಮ್ಮ, ನೀನು ನೋಡು” ಅಂದರು. ಆಮೇಲೆ ಏನೂ ಕೇಳಲಿಲ್ಲ. ಪರದೆಯ ಕಡೆಗೆ ಮುಖ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು ನೆಟ್ಟಗೆ ಕೂತಿದ್ದರು. ರೈಲಿನಿಂದ ಅವನು ಹಾರಿದಾಗ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಡಾಕ್ಟರ ಮಾತು ನೆನಪಾಗಿ ಮುಚ್ಚಿಕೊಂಡೆ. ಹೇಳದ ಮೇಲೆ ಆ ಸಿನಿಮಾ ನನಗೂ ಬೇಡವಾಯಿತು. ಎದುರಿಗೆ ಒಬ್ಬ ದಪ್ಪ ಮನುಷ್ಯ ಸುಮ್ಮನೆ ಕೈ ಕಾಲು ಬೀಸುತ್ತಿದ್ದ, ಅಷ್ಟೇ.

ಬರುವಾಗ ಬಸ್ಸಿನಲ್ಲಿ ಜಗಳಕ್ಕೂ ಕಥೆ ಇರಲಿಲ್ಲ. ವಕ್ಕಲೇರಿ ಹತ್ತಿರ ಬಂದಾಗ ಅತ್ತೆ ಕೇಳಿದರು, “ಕಣ್ಣು ಬಂದ್ಮೇಲೂ ನನ್ ಜೊತೆ ಸಿನಿಮಾಕ್ಕೆ ಬರ್ತೀಯಾ?”

“ಬರದೆ ಏನು? ಆಮೇಲೆ ನಿಮ್ಮ ಹೀರೋನ ನೀವೇ ಕಣ್ತುಂಬ ನೋಡ್ಬಹುದು. ನನ್ ಕಾಟ ಇರಲ್ಲ” ಅಂದೆ.

ಅವರು ಕಿಟಕಿಯ ಕಡೆ ತಿರುಗಿಕೊಂಡರು. ಹಾಗೇ, “ಆಯ್ತು, ಮಾಡಿಸ್ಕೊಳ್ತೀನಿ” ಅಂದರು.

ಕೋಲಾರದಲ್ಲೇ ಆಪರೇಷನ್ ಆಯಿತು, ಮೊದಲು ಬಲಗಣ್ಣಿಗೆ. ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು, ಅಲ್ಲಾಡಬೇಡಿ, ಕೆಮ್ಮಬೇಡಿ ಅಂತ ಮಲಗಿಸಿದರು. ನಾನೇ ಪಕ್ಕದಲ್ಲಿದ್ದೆ, ಗಂಜಿ ಕುಡಿಸುತ್ತಿದ್ದೆ. ಹಠ ಮಾಡಿ ಒಪ್ಪಿಸಿದವಳು ನಾನು. ಏನಾದರೂ ಹೆಚ್ಚು ಕಡಿಮೆಯಾದರೆ ಅಂತ ಹೆದರಿ, ನಮ್ಮೂರ ದೇವರು, ಅತ್ತೆಯೂರ ದೇವರು, ಯಾರನ್ನೂ ಬಿಡದೆ ಬೇಡಿಕೊಂಡೆ. ಬ್ಯಾಂಡೇಜು ಬಿಚ್ಚಿ, ಸೀಸೆಯ ತಳದಷ್ಟು ದಪ್ಪದ ಕನ್ನಡಕ ಹಾಕಿದರು. ಅತ್ತೆ ಡಾಕ್ಟರನ್ನು ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. “ಧ್ವನಿ ಕೇಳಿ ಇನ್ನೂ ದೊಡ್ಡೋಳು ಅಂದ್ಕೊಂಡಿದ್ದೆ. ಎಷ್ಟ್ ಚಿಕ್ಕ ಹುಡುಗೀನೇ ನೀನು!” ಅಂದರು. ನನಗೆ ಅಳು ತಡೆಯಲಾಗಲಿಲ್ಲ, ಅಲ್ಲೇ ವಾರ್ಡಿನಲ್ಲಿ ಎಲ್ಲರೆದುರಿಗೆ ಜೋರಾಗಿ ಅತ್ತುಬಿಟ್ಟೆ.

ಆಮೇಲಿನ ಬೆಳೆಗೆ ನಾನೇ ಹೊರಡಿಸಿದೆ. ಕೋಲಾರದಲ್ಲಿ ಅವನ ಹೊಸ ಸಿನಿಮಾ ಬಂದಿತ್ತು, ಕಲರ್ ಬೇರೆ. ಅತ್ತೆಯನ್ನು ಒಳ್ಳೆಯ ಜಾಗ ನೋಡಿ ಕೂರಿಸಿದೆ, ಕನ್ನಡಕ ಒರೆಸಿ ಕೊಟ್ಟೆ. ಮನಸ್ಸಿನೊಳಗೆ ಮಾತ್ರ ಒಂಥರಾ ಇತ್ತು. ಇನ್ನು ನನಗೇನು ಕೆಲಸ ಇಲ್ಲಿ? ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ನನಗಾಗದ ಹೀರೋನನ್ನು ನೋಡುತ್ತಾ ಕೂರಬೇಕು.

ಅವನು ಜೀಪಿನಿಂದ ಇಳಿದ. ಶಿಳ್ಳೆ ಬಿತ್ತು. ಅತ್ತೆ ಕತ್ತು ಮುಂದೆ ಚಾಚಿ ನೋಡಿದರು.

“ಇವನಾ?”

“ಹ್ಞೂಂ.”

“ಇವನೇನೇ? ಸೊಂಟ ಎಲ್ಲೇ ಇವನಿಗೆ? ಬಳ್ಳಿ ಥರ ಇದಾನೆ ಅಂತಿದ್ಯಲ್ಲೇ!”

ಹಿಂದಿನ ಬೆಂಚಿನವರು ಗೊಳ್ಳೆಂದರು. “ನೀವು ಬೇಜಾರ್ ಮಾಡ್ಕೋತೀರಿ ಅಂತ ಸಣ್ಣ ಮಾಡಿದ್ದೆ ಅತ್ತೆ. ನಿಮ್ಮ ಹೀರೋ ಅಲ್ವಾ” ಅಂದೆ.

“ನನ್ ಹೀರೋನಾ? ಯಾರ್ ಹೇಳಿದ್ರು? ಇವನ ಮುಖ ನಾನು ಇವತ್ತೇ ನೋಡ್ತಿರೋದು.”

“ಮತ್ತೆ ಇಷ್ಟ್ ವರ್ಷ ಇವನದೇ ಬೇಕು ಅಂತಿದ್ರಿ?”

ಅತ್ತೆ ನನ್ನ ಕಡೆ ತಿರುಗಿದರು. ಪರದೆಯ ಬೆಳಕು ಆ ದಪ್ಪ ಗಾಜಿನ ಮೇಲೆ ಓಡಾಡುತ್ತಿತ್ತು, ಅದರ ಹಿಂದೆ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಮೆಲ್ಲಗೆ ಅಂದರು:

“ಅಯ್ಯೋ ಪೆದ್ದಿ. ನೀನು ಬಂದ ಹೊಸ್ದ್ರಲ್ಲಿ ಮನೇಲಿ ಉಸ್ರೇ ಬಿಡ್ತಿರ್ಲಿಲ್ಲ. ನಂಗೆ ಮುಖ ಕಾಣ್ತಿರ್ಲಿಲ್ಲ. ಮಾತೂ ಇಲ್ದಿದ್ರೆ ನೀನು ಮನೇಲಿದೀಯಾ ಇಲ್ವಾ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು? ಹಸೂ ಹತ್ರ ಮಾತಾಡ್ಕೊಂಡು ಅಳ್ತಿದ್ದದ್ದು ಕೇಳಿಸ್ತಿತ್ತು, ಅಷ್ಟೇ. ಅಳೋ ಸಿನಿಮಾಕ್ಕೆ ಕರ್ಕೊಂಡ್ ಹೋದ್ರೆ ಅವರೇ ಮಾತಾಡ್ಕೋತಾರೆ, ನೀನು ಸುಮ್ನೆ ಕೂತ್ಬಿಡ್ತೀಯ. ಹೊಡೆದಾಟ ಬಂದ್ರೆ ನೀನೇ ಹೇಳ್ಬೇಕು, ವಿಧಿ ಇಲ್ಲ. ಇವನು ಬಿಡದೆ ಹೊಡೀತಾನೆ ಅಂತ ಇವನ್ನ ಹಿಡ್ಕೊಂಡೆ. ಇಲ್ದಿದ್ರೆ ನಂಗ್ಯಾಕೆ ಬೇಕಿತ್ತು ಈ ಗಲಾಟೆ? ಕಿವಿ ನೋವು ಬರುತ್ತೆ ನಂಗೆ.”

“ಮತ್ತೆ ಆಪರೇಷನ್ ಬೇಡ ಅಂದಿದ್ದು?” ಅಂದೆ.

“ಕಣ್ಣು ಬಂದ್ರೆ ನೀನ್ಯಾಕೆ ಹೇಳ್ತೀಯ ಅನ್ನಿಸ್ತು.”

ಮುಂದೆ ಹೊಡೆದಾಟ ಶುರುವಾಗಿತ್ತು. ಅತ್ತೆ ಕನ್ನಡಕ ತೆಗೆದು, ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು ಯೋಚಿಸಿ, ಮಡಿಲಿಗೆ ಹಾಕಿಕೊಂಡರು. ಅದಿಲ್ಲದಿದ್ದರೆ ಅವರಿಗೆ ಎಲ್ಲ ಮತ್ತೆ ಮಂಜು. ಬೆಂಚಿನ ಮೇಲೆ ನನ್ನ ಹತ್ತಿರಕ್ಕೆ ಜರುಗಿ, ಕಣ್ಣು ಮುಚ್ಚಿ, ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದು ಕೂತರು.

“ಈಗ ಹೇಳು. ಎಲ್ಲಿಗೆ ಬಂದ?”

ಪರದೆ ನನಗೂ ಸರಿಯಾಗಿ ಕಾಣುತ್ತಿರಲಿಲ್ಲ. “ಮಹಡಿ ಮೇಲಿಂದ ಹಾರಿದ ಅತ್ತೆ” ಅಂದೆ, ಅದೂ ಅರ್ಧ ಧ್ವನಿಯಲ್ಲಿ.

“ಗಟ್ಟಿಯಾಗಿ ಹೇಳೇ” ಅಂದರು ಅತ್ತೆ.

ಹೇಳಿದೆ.